ಗಣಕಯಂತ್ರದ ಲೆಕ್ಕಕ್ಕೆ ನಮ್ಮ ಮಳೆ ಏಕೆ ಸಿಗುವುದಿಲ್ಲ?

ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮುಂಗಾರಿಗೆ ಮೊದಲು ನಡೆದ ರೈತರ ತರಬೇತಿಯಲ್ಲಿ ನಾನು ಒಂದು ಬಣ್ಣದ ನಕ್ಷೆಯನ್ನು ತೋರಿಸಿದ್ದೆ. ಈ ಶತಮಾನದ ನಡುವಿನ ಹೊತ್ತಿಗೆ ನಮ್ಮ ಭಾಗದಲ್ಲಿ ಮುಂಗಾರು ಮಳೆ ಇಂದಿಗಿಂತ ಹೆಚ್ಚಬಹುದೆಂದು ಆ ನಕ್ಷೆ ಸೂಚಿಸುತ್ತಿತ್ತು. ಆಗ ರೈತರೊಬ್ಬರು ಎದ್ದು ನಿಂತು, "ಹಂಗಾದ್ರ ನಾ ಕೃಷಿ ಹೊಂಡ ತೋಡ್ಸೋದು ಬಿಡ್ಲೇನ್ರಿ?" ಎಂದು ಕೇಳಿದರು. ಅವರ ಪಕ್ಕದಲ್ಲಿದ್ದ ಯುವಕರು, ತಾವು ನೋಡಿದ ಇನ್ನೊಂದು ನಕ್ಷೆಯಲ್ಲಿ ಇದೇ ಭಾಗಕ್ಕೆ ಮಳೆ ಕಡಿಮೆಯಾಗುವುದೆಂದಿತ್ತು, ಎರಡರಲ್ಲಿ ಯಾವುದು ಖರೆ ಎಂದರು. ಆ ದಿನ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ನಕ್ಷೆಯನ್ನು ತೋರಿಸಿ, ಅದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದನ್ನು ತಿಳಿಸದೆ ಬಿಟ್ಟದ್ದು ನನ್ನ ತಪ್ಪು. ಹೊಂಡ ತೋಡಿಸುವುದು ಅಥವಾ ಬಿಡುವುದು ಒಂದು ಕುಟುಂಬದ ಹಲವಾರು ವರ್ಷಗಳ ಬೇಸಾಯವನ್ನು ನಿರ್ಧರಿಸುವ ವಿಷಯ. ಆದುದರಿಂದ ಆ ಪ್ರಶ್ನೆಗೆ ಈ ಲೇಖನದಲ್ಲಿ ವಿವರವಾಗಿ ಉತ್ತರಿಸಲು ಪ್ರಯತ್ನಿಸಿದ್ದೇನೆ.

ಮಾದರಿ ಎಂದರೇನು?

ಹವಾಗುಣ ಮಾದರಿ ಎಂದರೆ ಗಾಳಿ, ಬಿಸಿಲು, ಆವಿ, ಸಮುದ್ರ ಮತ್ತು ನೆಲ ಇವುಗಳ ನಡುವಿನ ವ್ಯವಹಾರವನ್ನು ಭೌತಶಾಸ್ತ್ರದ ಸೂತ್ರಗಳ ಮೂಲಕ ಲೆಕ್ಕ ಹಾಕುವ ಒಂದು ವಿಧಾನ. ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ರಿಚರ್ಡ್‌ಸನ್ ಅವರು 1922ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಲೆಕ್ಕವನ್ನು ಕೈಯಿಂದಲೇ ಮಾಡಿ ತೋರಿಸಿದರು. ಅವರಿಗೆ ಬಂದ ಉತ್ತರ ತಪ್ಪಾಗಿತ್ತು, ಆದರೆ ದಾರಿ ಸರಿಯಾಗಿತ್ತು. 1950ರಲ್ಲಿ ಅಮೆರಿಕದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಮೊದಲ ಸಲ ಹವಾಮಾನದ ಲೆಕ್ಕವನ್ನು ಯಶಸ್ವಿಯಾಗಿ ನಡೆಸಲಾಯಿತು. 1960ರ ದಶಕದಲ್ಲಿ ಜಪಾನ್ ಮೂಲದ ಸ್ಯುಕುರೊ ಮನಾಬೆ ಅವರು ಇಡೀ ಭೂಮಿಯ ಹವಾಗುಣವನ್ನು ಲೆಕ್ಕಕ್ಕೆ ತರುವ ಕೆಲಸ ಮಾಡಿದರು. ಇದಕ್ಕಾಗಿ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಈ ಲೆಕ್ಕ ಮಾಡುವಾಗ ಭೂಮಿಯನ್ನು ಹೊಲದ ಮಡಿಗಳಂತೆ ಚೌಕಗಳಾಗಿ ವಿಂಗಡಿಸುತ್ತಾರೆ. ನೆಲದಿಂದ ಮೇಲಕ್ಕೂ ಹಲವು ಪದರಗಳನ್ನು ಮಾಡುತ್ತಾರೆ. ಒಂದು ಚೌಕಕ್ಕೆ ಒಂದು ಉಷ್ಣತೆ, ಒಂದು ತೇವಾಂಶ, ಒಂದು ಮಳೆ. ಚೌಕದ ಒಳಗೆ ನಡೆಯುವ ವ್ಯತ್ಯಾಸಗಳು ಮಾದರಿಯ ಕಣ್ಣಿಗೆ ಬೀಳುವುದಿಲ್ಲ. ಶತಮಾನದ ಲೆಕ್ಕ ಮಾಡುವ ಜಾಗತಿಕ ಮಾದರಿಗಳಲ್ಲಿ ಚೌಕದ ಒಂದು ಬದಿ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು ಇರುತ್ತದೆ.

ಐದು ಊರು, ಒಂದೇ ಚೌಕ

ಶಹಾಬಾದದಿಂದ ಚಿಂಚೋಳಿಗೆ ನೇರ ದೂರ ಸುಮಾರು 60 ಕಿ.ಮೀ. ಮಾತ್ರ. ವಾಡಿ, ಚಿತ್ತಾಪುರ ಮತ್ತು ಸೇಡಂ ಇವೆರಡರ ನಡುವೆ ಬರುತ್ತವೆ. ಅಂದರೆ 100 ಕಿ.ಮೀ. ಬದಿಯ ಒಂದು ಚೌಕದಲ್ಲಿ ಐದೂ ಊರುಗಳು ಅಡಗಿ ಇನ್ನೂ ಜಾಗ ಉಳಿಯುತ್ತದೆ. ಆ ಚೌಕದ ವಿಸ್ತೀರ್ಣ 10,000 ಚದರ ಕಿ.ಮೀ.; ಇಂದಿನ ಕಲಬುರಗಿ ಜಿಲ್ಲೆಯ ಒಟ್ಟು ವಿಸ್ತೀರ್ಣವೂ ಹೆಚ್ಚು ಕಡಿಮೆ ಇಷ್ಟೇ.

ಆದರೆ ಈ ಐದೂ ಕಡೆ ಪರಿಸ್ಥಿತಿ ಒಂದೇ ಅಲ್ಲವೆಂಬುದು ರೈತರಿಗೆ ತಿಳಿದ ವಿಷಯ. ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಚಿಂಚೋಳಿಯು ಬೀದರ ಜಿಲ್ಲೆ ಮತ್ತು ಆಳಂದದೊಡನೆ ಈಶಾನ್ಯ ಪರಿವರ್ತನಾ ವಲಯಕ್ಕೆ ಸೇರಿದೆ. ಇಲ್ಲಿ ವಾರ್ಷಿಕ ವಾಡಿಕೆ ಮಳೆ 830 ರಿಂದ 890 ಮಿ.ಮೀ. ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ ಪ್ರದೇಶಗಳು ಈಶಾನ್ಯ ಒಣ ವಲಯದಲ್ಲಿವೆ. ಈ ವಲಯದ ವಾಡಿಕೆ ಮಳೆ ಸುಮಾರು 630 ರಿಂದ 800 ಮಿ.ಮೀ. ಮಾದರಿಗೆ ಎರಡು ವಲಯಗಳೂ ಒಂದೇ ಮಡಿ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ದಿನ ಈ ಚೌಕದ ಸರಾಸರಿ ಮಳೆ 5 ಮಿ.ಮೀ. ಎಂದಿಟ್ಟುಕೊಳ್ಳೋಣ. ಎಲ್ಲ ಊರುಗಳಲ್ಲೂ 5 ಮಿ.ಮೀ. ಬಿದ್ದರೂ ಸರಾಸರಿ ಅಷ್ಟೇ. ಹತ್ತರಲ್ಲಿ ಒಂದು ಪಾಲು ಪ್ರದೇಶದಲ್ಲಿ 50 ಮಿ.ಮೀ. ಬಿದ್ದು ಉಳಿದ ಒಂಬತ್ತು ಪಾಲು ಒಣಗಿದ್ದರೂ ಸರಾಸರಿ ಅಷ್ಟೇ. ಮೊದಲನೆಯದರಲ್ಲಿ ಯಾರ ಹೊಲಕ್ಕೂ ಬಿತ್ತನೆಯ ಹದ ಬರುವುದಿಲ್ಲ. ಬಿದ್ದ ನೀರು ಮರುದಿನದ ಬಿಸಿಲಿಗೆ ಆರಿಹೋಗುತ್ತದೆ. ಎರಡನೆಯದರಲ್ಲಿ ಕೆಲವರು ಕೂರಿಗೆ ಹೂಡುತ್ತಾರೆ, ಉಳಿದವರು ಮುಗಿಲು ನೋಡುತ್ತಾರೆ. ಎತ್ತಿನ ಒಂದು ಕೋಡು ತೋಯ್ದು ಇನ್ನೊಂದು ಒಣಗಿರುವ ಮಳೆ ಎಂದು ನಮ್ಮ ಹಿರಿಯರು ಹೇಳುವುದು ಈ ಎರಡನೆಯ ಬಗೆಯನ್ನೇ.

ನಮ್ಮ ಮಳೆ ಹುಟ್ಟುವ ಬಗೆ

ಯುರೋಪಿನಂತಹ ತಂಪು ದೇಶಗಳಲ್ಲಿ ಬಹುಪಾಲು ಮಳೆಯನ್ನು ತರುವುದು ನೂರಾರು ಕಿ.ಮೀ. ಅಗಲದ ವಾಯುಭಾರ ಕುಸಿತಗಳು. ತಣ್ಣನೆಯ ಗಾಳಿ ಮತ್ತು ಬೆಚ್ಚನೆಯ ಗಾಳಿ ಎದುರಾಗುವ ಗಡಿಯಲ್ಲಿ ಇವು ಹುಟ್ಟುತ್ತವೆ. ಗಾತ್ರದಲ್ಲಿ ಚೌಕಕ್ಕಿಂತ ಎಷ್ಟೋ ದೊಡ್ಡವಾದುದರಿಂದ ಮಾದರಿಗಳು ಇವನ್ನು ಚೆನ್ನಾಗಿ ಹಿಡಿಯುತ್ತವೆ.

ಉಷ್ಣವಲಯದಲ್ಲಿ ಹೀಗಲ್ಲ. ಇಲ್ಲಿ ಊರಿನಿಂದ ಊರಿಗೆ ಗಾಳಿಯ ಉಷ್ಣತೆಯಲ್ಲಿ ವ್ಯತ್ಯಾಸ ಕಡಿಮೆ. ಭೂಮಿ ತಿರುಗುವುದರಿಂದ ಗಾಳಿಯ ಮೇಲೆ ಆಗುವ ಪ್ರಭಾವವೂ ಸಮಭಾಜಕ ವೃತ್ತದ ಕಡೆಗೆ ಕ್ಷೀಣವಾಗುತ್ತದೆ. ಬಿಸಿಲಿಗೆ ಕಾದ ನೆಲದ ಮೇಲಿನ ತೇವ ಗಾಳಿ ಹಗುರವಾಗಿ ಮೇಲೇಳುತ್ತದೆ, ತಣಿದು ಮೋಡವಾಗುತ್ತದೆ. ಆವಿ ನೀರಾಗುವಾಗ ಅದರಲ್ಲಿದ್ದ ಗುಪ್ತೋಷ್ಣ ಹೊರಬೀಳುತ್ತದೆ. ಈ ಶಾಖದಿಂದ ಗಾಳಿ ಇನ್ನೂ ರಭಸವಾಗಿ ಏರುತ್ತದೆ, ಕೆಳಗಿನಿಂದ ಮತ್ತಷ್ಟು ತೇವ ಗಾಳಿಯನ್ನು ಸೆಳೆಯುತ್ತದೆ. ಹೀಗೆ ಗಾಳಿ ಮೋಡವನ್ನು ಬೆಳೆಸಿದರೆ ಮೋಡ ಗಾಳಿಯನ್ನು ಬೆಳೆಸುತ್ತದೆ. ಲೆಕ್ಕದಲ್ಲಿ ಒಂದು ಕಡೆ ಸಣ್ಣ ತಪ್ಪಾದರೆ ಅದು ಇನ್ನೊಂದನ್ನೂ ಕೆಡಿಸುತ್ತದೆ.

ಹೀಗೆ ಏಳುವ ಗುಡುಗು ಮೋಡದ ಅಗಲ ಕೆಲವೇ ಕಿ.ಮೀ., ಆಯುಷ್ಯ ಒಂದೆರಡು ತಾಸು. ಒಲೆಯ ಮೇಲಿಟ್ಟ ಎಸರು ಕುದಿಯುವುದು ಖಚಿತ, ಆದರೆ ಮೊದಲ ಗುಳ್ಳೆ ಪಾತ್ರೆಯ ಯಾವ ಮೂಲೆಯಲ್ಲಿ ಏಳುವುದೆಂದು ಯಾರೂ ಹೇಳಲಾರರು. ಮಾದರಿಯ ಸ್ಥಿತಿಯೂ ಇದೇ.

ಚೌಕಕ್ಕಿಂತ ಚಿಕ್ಕದಾದ ಈ ಮೋಡಗಳನ್ನು ಮಾದರಿ ನೇರವಾಗಿ ಲೆಕ್ಕ ಹಾಕಲಾರದು. ಅದಕ್ಕಾಗಿ ವಿಜ್ಞಾನಿಗಳು ಅಂದಾಜಿನ ನಿಯಮಗಳನ್ನು ಅಳವಡಿಸಿದ್ದಾರೆ. ಚೌಕದಲ್ಲಿ ಇಷ್ಟು ಉಷ್ಣತೆ, ಇಷ್ಟು ತೇವ ಇದ್ದರೆ ಇಷ್ಟು ಮೋಡ, ಇಷ್ಟು ಮಳೆ ಎಂಬ ರೀತಿಯ ನಿಯಮಗಳಿವು. ಮನಾಬೆಯವರು 1960ರ ದಶಕದಲ್ಲಿ ಬಳಸಿದ ನಿಯಮ ಬಹು ಸರಳವಾಗಿತ್ತು. 1974ರಲ್ಲಿ ಅರಕಾವಾ ಮತ್ತು ಶುಬರ್ಟ್ ಎಂಬ ವಿಜ್ಞಾನಿಗಳು ಹೆಚ್ಚು ಸಮಗ್ರವಾದ ನಿಯಮವನ್ನು ಕೊಟ್ಟರು. ಅಂದಿನಿಂದ ಸುಧಾರಣೆ ನಡೆದೇ ಇದೆ. ಆದರೂ ಒಂದೊಂದು ಮಾದರಿಯ ಅಂದಾಜು ಒಂದೊಂದು ಬಗೆ. ಒಂದೇ ಊರಿಗೆ ಎರಡು ನಕ್ಷೆಗಳು ಎರಡು ಮಾತು ಹೇಳಲು ಇದು ಒಂದು ಮುಖ್ಯ ಕಾರಣ.

ಮಾದರಿಗಳು ಎಡವುವ ಕಡೆಗಳು

1. ತುಂತುರು ಹೆಚ್ಚು, ಬಿರುಸು ಕಡಿಮೆ: ಮಾದರಿಗಳಲ್ಲಿ ಮಳೆ ಮೇಲಿಂದ ಮೇಲೆ, ಆದರೆ ಹಗುರವಾಗಿ ಬೀಳುತ್ತದೆ. ನಮ್ಮಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಕೆಲವೇ ದಿನಗಳ ಬಿರುಸು ಮಳೆಯಿಂದ ಬರುತ್ತದೆ. ಒಟ್ಟು ಮೊತ್ತ ಸರಿಹೋದರೂ ಹಂಚಿಕೆ ತಪ್ಪಿದರೆ ಬೆಳೆಗೆ ಅದರಿಂದ ಪ್ರಯೋಜನವಿಲ್ಲ.

2. ಹೊತ್ತು ತಪ್ಪುವುದು: ಹಲವು ಮಾದರಿಗಳು ನೆಲದ ಮೇಲಿನ ಮಳೆಯನ್ನು ನಡುಮಧ್ಯಾಹ್ನಕ್ಕೇ ಸುರಿಸಿಬಿಡುತ್ತವೆ. ನಿಜವಾಗಿ ಗುಡುಗು ಮೋಡಗಳು ಮಧ್ಯಾಹ್ನ ಕಟ್ಟಿ, ಸಂಜೆಗೆ ಮತ್ತು ರಾತ್ರಿಗೆ ಸುರಿಯುವುದೇ ಹೆಚ್ಚು.

3. ಮಳೆಯ ಪಟ್ಟಿ ಜಾಗ ತಪ್ಪುವುದು: ಬೇಸಿಗೆಯಲ್ಲಿ ಸಮಭಾಜಕ ವೃತ್ತದ ಬಳಿಯ ಮಳೆಪಟ್ಟಿ ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬರುವುದೇ ಮುಂಗಾರು. ಇದರ ಅಧ್ಯಯನದಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಸಹೋದ್ಯೋಗಿಯೊಡನೆ ಜಗತ್ತಿನ 30 ಮಾದರಿಗಳನ್ನು ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಮುದ್ರದ ನಿಜವಾದ ಉಷ್ಣತೆಯನ್ನೇ ಒದಗಿಸಿದ್ದರೂ ಹಲವು ಮಾದರಿಗಳಲ್ಲಿ ಮಳೆಪಟ್ಟಿ ನೆಲಕ್ಕೆ ಬಾರದೆ ಹಿಂದೂ ಮಹಾಸಾಗರದ ಮೇಲೆಯೇ ಉಳಿಯುತ್ತಿತ್ತು. ನಂತರದ ಮಾದರಿಗಳು ಸುಧಾರಿಸಿವೆ. ಆದರೂ ಸಾಗರದ ಮೇಲೆ ಹೆಚ್ಚು ಮಳೆ, ಮಧ್ಯ ಭಾರತದ ಮೇಲೆ ಕಡಿಮೆ ಮಳೆ ತೋರಿಸುವ ದೋಷ ಅನೇಕ ಮಾದರಿಗಳಲ್ಲಿ ಇನ್ನೂ ಕಂಡುಬರುತ್ತದೆ.

4. ಘಟ್ಟಗಳು ಚಪ್ಪಟೆಯಾಗುವುದು: ಪಶ್ಚಿಮ ಘಟ್ಟಗಳು ಎತ್ತರವಿದ್ದರೂ ಅಗಲ ಕಡಿಮೆ. 100 ಕಿ.ಮೀ. ಚೌಕದಲ್ಲಿ ಸರಾಸರಿ ಮಾಡಿದಾಗ ಕಡಿದಾದ ಘಟ್ಟ ಒಂದು ಇಳಿಜಾರು ದಿಬ್ಬವಾಗುತ್ತದೆ. ಆಗ ಘಟ್ಟದ ಪಶ್ಚಿಮಕ್ಕೆ ಸುರಿಯುವ ಮಳೆಯೂ ಪೂರ್ವದ ಮಳೆ ನೆರಳೂ ಎರಡೂ ಕೆಡುತ್ತವೆ. ನಮ್ಮ ಕಲಬುರಗಿಯು ಆ ನೆರಳಿನ ಆಚೆಯ ಅಂಚಿನಲ್ಲಿದ್ದು, ಬಂಗಾಳ ಕೊಲ್ಲಿಯ ಕಡೆಯಿಂದಲೂ ಮಳೆ ಪಡೆಯುವುದರಿಂದ ಲೆಕ್ಕ ಮತ್ತಷ್ಟು ಜಟಿಲವಾಗುತ್ತದೆ.

ಇವಲ್ಲದೆ ಗಾಳಿಯಲ್ಲಿರುವ ಹೊಗೆ ಮತ್ತು ಧೂಳಿನ ಕಣಗಳು ಮೋಡದ ಹನಿಗಳಿಗೆ ಬೀಜವಾಗುವ ರೀತಿಯೂ ಪೂರ್ಣವಾಗಿ ತಿಳಿದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯು 2009ರಿಂದ ವಿಮಾನಗಳ ಮೂಲಕ ಮೋಡಗಳ ಒಳಗೆ ಇದನ್ನು ಅಳೆಯುತ್ತ ಬಂದಿದೆ. ಈ ಅಳತೆಗಳಲ್ಲಿ ಕೆಲವು ನಮಗೆ ಸಮೀಪದ ಸೊಲ್ಲಾಪುರದ ಸುತ್ತಲೇ ನಡೆದವು.

ಎಲ್ಲ ಮಳೆಯೂ ಒಂದೇ ಅಲ್ಲ

ಮಾದರಿಗಳು ಎಲ್ಲ ಕಡೆಯೂ ಸೋಲುತ್ತವೆಂದು ತಿಳಿಯಬಾರದು. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ನೆಲಕ್ಕೆ ಬಂದು, ತೆಲಂಗಾಣವನ್ನು ದಾಟಿ ನಮ್ಮ ಕಡೆಗೆ ಸಾಗಿತು. ಚಿತ್ತಾ ಮಳೆಯ ಆ ದಿನಗಳಲ್ಲಿ ಕಾಗಿಣಾ ಮತ್ತು ಭೀಮಾ ನದಿಗಳು ಉಕ್ಕಿ ಹರಿದು, ಹೂವಿಗೆ ಬರುತ್ತಿದ್ದ ತೊಗರಿ ನೀರಿನಲ್ಲಿ ನಿಂತಿತು. ಇಂತಹ ನೂರಾರು ಕಿ.ಮೀ. ಅಗಲದ ವ್ಯವಸ್ಥೆಗಳನ್ನು ಇಂದಿನ ಅಲ್ಪಾವಧಿ ಮಾದರಿಗಳು ಕೆಲವು ದಿನ ಮುಂಚಿತವಾಗಿ ಗುರುತಿಸಬಲ್ಲವು. ಮೃಗಶಿರಾ ಮಳೆಯಲ್ಲಿ ಒಂದು ಸಂಜೆ ಚಿತ್ತಾಪುರದ ಒಂದು ಹಳ್ಳಿಗೆ ಸುರಿದು ಪಕ್ಕದ ಹಳ್ಳಿಯನ್ನು ಬಿಟ್ಟುಹೋಗುವ ಮೋಡವನ್ನು ಗುರುತಿಸಲಾರವು.

ಇಡೀ ಋತುವಿನ ಮುನ್ಸೂಚನೆಯ ಸ್ಥಿತಿ ಇವೆರಡರ ನಡುವಿನದು. ಉಷ್ಣವಲಯದ ಋತುವಿನ ಒಟ್ಟು ಮಳೆಯು ಸಮುದ್ರದ ಉಷ್ಣತೆಯಂತಹ ನಿಧಾನವಾಗಿ ಬದಲಾಗುವ ಸಂಗತಿಗಳನ್ನು ಅವಲಂಬಿಸಿರುವುದರಿಂದ ಅದನ್ನು ಸ್ವಲ್ಪ ಮಟ್ಟಿಗೆ ಮುಂಚಿತವಾಗಿ ತಿಳಿಯಬಹುದೆಂದು ಚಾರ್ನಿ ಮತ್ತು ಶುಕ್ಲಾ ಎಂಬ ವಿಜ್ಞಾನಿಗಳು 1981ರಲ್ಲಿ ತೋರಿಸಿದರು. ಪೆಸಿಫಿಕ್ ಸಾಗರದ ಎಲ್ ನಿನೊ ಇದಕ್ಕೆ ಮುಖ್ಯ ಉದಾಹರಣೆ. ಆದರೆ ಇದೂ ಕೈಕೊಡುವುದುಂಟು. 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಂತೆಯೇ ಆಯಿತು. 2002ರ ಜುಲೈನಲ್ಲಿ ದೇಶದ ಮಳೆ ವಾಡಿಕೆಯ ಸುಮಾರು ಅರ್ಧಕ್ಕೆ ಇಳಿದು ಬರ ಬಂದಿತು. ಋತುವಿನ ಮುನ್ಸೂಚನೆಗಳಲ್ಲಿ ಅದರ ಸುಳಿವು ಇರಲಿಲ್ಲ.

ಚೌಕಗಳನ್ನು ಚಿಕ್ಕದು ಮಾಡಬಾರದೆ?

ಈ ಕೆಲಸ ನಡೆಯುತ್ತಿದೆ. ಪುಣೆಯ ಅದೇ ಸಂಸ್ಥೆಯು ರೂಪಿಸಿದ ಭಾರತ್ ಮುನ್ಸೂಚನಾ ವ್ಯವಸ್ಥೆ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದಿತು. ಇದರ ಚೌಕದ ಬದಿ 6 ಕಿ.ಮೀ.; ಅದಕ್ಕೆ ಹಿಂದಿನದು 12 ಕಿ.ಮೀ. ಇತ್ತು. ಆದರೆ ಇದು ಮುಂದಿನ ಕೆಲವು ದಿನಗಳ ಹವಾಮಾನಕ್ಕೆ. ನೂರು ವರ್ಷದ ಲೆಕ್ಕಕ್ಕೆ ಚೌಕ ಕಿರಿದು ಮಾಡುವುದು ಸುಲಭವಲ್ಲ. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಲೆಕ್ಕದ ಹೆಜ್ಜೆಗಳೂ ಎರಡು ಪಟ್ಟಾಗುತ್ತವೆ. ಒಟ್ಟು ಕೆಲಸ ಎಂಟು ಪಟ್ಟು. 100 ಕಿ.ಮೀ.ಯಿಂದ 3 ಕಿ.ಮೀ.ಗೆ ಇಳಿಸಬೇಕಾದರೆ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅಷ್ಟು ಚಿಕ್ಕ ಚೌಕದಲ್ಲಿ ದೊಡ್ಡ ಗುಡುಗು ಮೋಡಗಳು ನೇರವಾಗಿ ಕಾಣತೊಡಗುತ್ತವೆ. ಆದರೂ ಹನಿ ಕಟ್ಟುವ ಬಗೆ ಅಂದಾಜಿನಲ್ಲಿಯೇ ಉಳಿಯುತ್ತದೆ.

ಮಾದರಿಗಳಿಂದ ಏನನ್ನು ಒಪ್ಪಬಹುದು?

ಉಷ್ಣತೆಯ ವಿಷಯದಲ್ಲಿ ಎಲ್ಲ ಮಾದರಿಗಳ ಮಾತೂ ಒಂದೇ: ಬಿಸಿ ಏರುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು. ಆದ್ದರಿಂದ ಸುರಿಯುವಾಗ ಬಿರುಸಾಗಿ ಸುರಿಯುವ ಸಂಭವ ಹೆಚ್ಚು. ದೊಡ್ಡ ಪ್ರದೇಶದ ಸರಾಸರಿಯಾಗಿ ದಕ್ಷಿಣ ಏಷ್ಯಾದ ಮುಂಗಾರು ಮಳೆ ಮುಂದೆ ಹೆಚ್ಚಬಹುದೆಂಬುದಕ್ಕೂ ಬಹುಪಾಲು ಮಾದರಿಗಳ ಒಪ್ಪಿಗೆಯಿದೆ. ಆದರೆ ಸೇಡಂ ತಾಲ್ಲೂಕಿಗೆ ಇಷ್ಟು, ಚಿಂಚೋಳಿಗೆ ಇಷ್ಟು ಎಂಬ ಅಂಕಿಯನ್ನು ಕಂಡರೆ ಅದನ್ನು ಖಚಿತವೆಂದು ತಿಳಿಯಬಾರದು. ಮಳೆಯ ಮೊತ್ತ ಹೆಚ್ಚಿದರೂ ಎರಡು ಮಳೆಗಳ ನಡುವಿನ ಒಣ ಅವಧಿ ಕಡಿಮೆಯಾಗಲೇಬೇಕೆಂದಿಲ್ಲ ಎಂಬುದನ್ನೂ ಗಮನಿಸಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

ಮುನ್ಸೂಚನೆ ಇಲ್ಲದಿದ್ದರೂ ಹಳೆಯ ಮಳೆ ದಾಖಲೆಗಳಿಂದ ಬಹಳ ಪ್ರಯೋಜನವಿದೆ. ಸುಲೋಚನಾ ಗಾಡ್ಗೀಳ್ ಮತ್ತು ಪಿ. ಆರ್. ಶೇಷಗಿರಿ ರಾವ್ ಅವರು ಪಾವಗಡದ ಕಡೆಯ ಶೇಂಗಾ ಬೆಳೆಗಾರರೊಡನೆ ಕೆಲಸ ಮಾಡಿ, ಹಿಂದಿನ ವರ್ಷಗಳ ಮಳೆಯನ್ನು ಬೆಳೆಯ ಬೆಳವಣಿಗೆಯೊಡನೆ ಹೊಂದಿಸಿ, ಯಾವ ಅವಧಿಯ ಬಿತ್ತನೆಯಲ್ಲಿ ಅಪಾಯ ಎಷ್ಟೆಂಬುದನ್ನು ಅಳೆದರು. ಇದೇ ದೃಷ್ಟಿಯಿಂದ ನಮ್ಮ ತೊಗರಿ ಬೆಳೆಗಾರರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ತಮ್ಮ ಹೊಲದ ಮಳೆಯನ್ನು ತಾವೇ ಅಳೆಯಬೇಕು. ನೇರ ಬದಿಯ, ಚಪ್ಪಟೆ ತಳದ ಒಂದು ಡಬ್ಬಿಯನ್ನು ಬಯಲಿನಲ್ಲಿ ಮಟ್ಟಸವಾಗಿ ಇಟ್ಟು, ಮುಂಜಾನೆ ನೀರಿನ ಎತ್ತರವನ್ನು ಮಿ.ಮೀ.ನಲ್ಲಿ ಅಳೆದು ಬರೆದಿಡಬೇಕು. ಹತ್ತಿರದ ಮರದಿಂದ ಅದರ ಎತ್ತರದ ಎರಡು ಪಟ್ಟು ದೂರವಿರಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಅವುಗಳ ಅಂಕಿಗಳೊಡನೆ ಹೋಲಿಸಿ ನೋಡಬಹುದು.

2. ನಕ್ಷತ್ರ ಬಂದಿತೆಂದು ಬಿತ್ತದೆ ಹದ ನೋಡಿ ಬಿತ್ತಬೇಕು. ಒಂದೆರಡು ಮಳೆಗಳಲ್ಲಿ 50 ರಿಂದ 75 ಮಿ.ಮೀ. ಬಿದ್ದು, ಒಂದು ಗೇಣು ಅಗೆದಾಗ ಮಣ್ಣು ಉಂಡೆ ಕಟ್ಟುವಂತಿರಬೇಕು. ಬಿತ್ತುವ ಮುನ್ನ ಮುಂದಿನ ಐದು ದಿನಗಳ ಮುನ್ಸೂಚನೆಯನ್ನು ಮೇಘದೂತ್ ಅಥವಾ ವರುಣ ಮಿತ್ರದ ಮೂಲಕ ತಿಳಿಯಬೇಕು.

3. ಮಣ್ಣಿನ ಆಳವನ್ನು ತಿಳಿದಿರಬೇಕು. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ದೊರೆಯುವ ಸುಮಾರು 150 ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ವಾಡಿ, ಶಹಾಬಾದದ ಕಡೆ ಪರಸಿ ಕಲ್ಲು ಮೇಲಕ್ಕೇ ಇರುವ ಹೊಲಗಳಲ್ಲಿ ಮಣ್ಣು ಒಂದು ಅಡಿಯಷ್ಟೇ ಇದ್ದರೆ ಇದರ ಮೂರರಲ್ಲಿ ಒಂದು ಪಾಲು ಮಾತ್ರ. ಅಂತಹ ಹೊಲಗಳಿಗೆ ಮತ್ತು ತಡವಾದ ಬಿತ್ತನೆಗೆ ಟಿಎಸ್-3ಆರ್‌ನಂತಹ ಬೇಗ ಬರುವ ತಳಿ ಸೂಕ್ತ.

4. ಒಂದೇ ಬೆಳೆಯ ಮೇಲೆ ಪೂರ್ಣ ಅವಲಂಬಿಸಬಾರದು. ಜೂನ್ ತಿಂಗಳಲ್ಲಿ ಹದ ಸಿಕ್ಕರೆ ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದನ್ನು ಬೆಳೆಯಬಹುದು. ಮಳೆ ಬೇಗ ನಿಂತರೆ ಹೆಸರು ಕೈಗೆ ಬಂದಿರುತ್ತದೆ, ತಡವಾಗಿ ಬಂದರೆ ತೊಗರಿ ಉಳಿಯುತ್ತದೆ.

5. ಬಿದ್ದ ನೀರನ್ನು ಹೊಲದಲ್ಲಿಯೇ ತಡೆಯಬೇಕು. ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಬಿತ್ತಿದ ಒಂದು ತಿಂಗಳ ಹೊತ್ತಿಗೆ ಸಾಲುಗಳ ನಡುವೆ ಬೋದು ತೆಗೆಯುವುದು ಉತ್ತಮ. ಅತಿವೃಷ್ಟಿಯಲ್ಲಿ ಇದೇ ಬೋದುಗಳನ್ನು ಬಸಿಗಾಲುವೆಗೆ ಸೇರಿಸಿ ನೀರನ್ನು ಹೊರಗೆ ಬಿಡಬಹುದು.

ಹೊಂಡ ತೋಡಿಸಬೇಕೆ, ಬೇಡವೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ನೀರು ಎಂದರೆ 10,000 ಲೀಟರ್. ಬಿರುಸು ಮಳೆಗಳಲ್ಲಿ ಒಂದು ಹೆಕ್ಟೇರಿನಿಂದ 20 ಮಿ.ಮೀ. ಹರಿದು ಹೊಂಡ ಸೇರಿದರೆ 2 ಲಕ್ಷ ಲೀಟರ್ ಆಯಿತು. ಒಂದು ಎಕರೆ ತೊಗರಿಗೆ ಹೂವಾಡುವ ಕಾಲದಲ್ಲಿ 50 ಮಿ.ಮೀ. ನೀರು ಒಮ್ಮೆ ಕೊಡಲು ಬೇಕಾಗುವುದೂ ಸುಮಾರು ಇಷ್ಟೇ. ಆವಿಯಾಗಿ ಹೋಗುವುದನ್ನು ಕಳೆದರೆ ಸ್ವಲ್ಪ ಕಡಿಮೆ ಸಿಗಬಹುದು. ಪರಸಿ ಕಲ್ಲಿನ ಬಿರುಕುಗಳಿರುವ ಕಡೆ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೀರು ನಿಲ್ಲುವುದಿಲ್ಲ.

ನನ್ನ ನಕ್ಷೆ ನಿಜವಾಗಿ ಮಳೆ ಹೆಚ್ಚಿದರೆ ಅದು ಬಿರುಸು ಮಳೆಯಾಗಿ ಬಂದು ಹರಿದು ಹೋಗುವ ಸಂಭವವಿದೆ. ಆಗ ಹೊಂಡ ತುಂಬುತ್ತದೆ. ಆ ಯುವಕರ ನಕ್ಷೆ ನಿಜವಾಗಿ ಮಳೆ ಕಡಿಮೆಯಾದರೆ ಬಿದ್ದ ಪ್ರತಿ ಹನಿಯೂ ಬೇಕಾಗುತ್ತದೆ; ಆಗ ಹೊಂಡ ಬೆಳೆಯನ್ನು ಉಳಿಸುತ್ತದೆ. ಎರಡು ನಕ್ಷೆಗಳಲ್ಲಿ ಯಾವುದು ಸರಿಯೆಂದು ತಿಳಿಯುವವರೆಗೆ ಕಾಯಬೇಕಾಗಿಲ್ಲ. ಎರಡಕ್ಕೂ ಹೊಂದುವ ಕೆಲಸವನ್ನು ಮೊದಲು ಕೈಗೊಳ್ಳುವುದೇ ಜಾಣತನ. ಆದುದರಿಂದ ಹೊಲದ ಇಳಿಜಾರು ಮತ್ತು ಮಣ್ಣನ್ನು ನೋಡಿಕೊಂಡು ಆ ರೈತರು ಹೊಂಡ ತೋಡಿಸುವುದು ಸೂಕ್ತ. ಆ ದಿನ ನಾನು ಹೇಳಬೇಕಾಗಿದ್ದ ಮಾತು ಇದು.